ಡೊಮೈನ್ ಹೆಸರು ಮಾರಾಟ: ಯಾವ ಹೆಸರಿಗೆ ಯಾವ ದಾರಿ

ಡಾಟ್ ಕಾಮ್ ಹೆಸರೊಂದನ್ನು ನೋಂದಾಯಿಸಲು ಇವತ್ತು ಸಾವಿರ, ಸಾವಿರದೈನೂರು ರೂಪಾಯಿ ಸಾಕು. ಕೈಯಲ್ಲಿ ಕಾರ್ಡ್ ಇದ್ದರೆ ಐದು ನಿಮಿಷದ ಕೆಲಸ. ಅದಕ್ಕೇ ಈ ವ್ಯಾಪಾರಕ್ಕೆ ಇಳಿದವರಲ್ಲಿ ಬಹಳ ಜನ ಮೊದಲ ತಿಂಗಳಲ್ಲೇ ಮೂವತ್ತು ನಲವತ್ತು ಹೆಸರು ಕೊಂಡುಬಿಡುತ್ತಾರೆ. ಇವನ್ನು ಯಾರಿಗೆ ಮಾರಬೇಕು, ಎಲ್ಲಿ ಮಾರಬೇಕು ಎಂಬ ಪ್ರಶ್ನೆ ಏಳುವುದು ಆಮೇಲೆ. ಆ ಪ್ರಶ್ನೆಗೆ ಉತ್ತರ ಗೊತ್ತಿಲ್ಲದ ಹೆಸರನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಸರನ್ನು ಯಾರು ಕೊಳ್ಳುತ್ತಾರೆ ಎಂಬುದರ ಮೇಲೆಯೇ ಅದನ್ನು ಮಾರುವ ದಾರಿ ನಿಂತಿದೆ. ಎಲ್ಲ ಹೆಸರಿಗೂ ಒಗ್ಗುವ ಒಂದೇ ದಾರಿ ಇಲ್ಲ.

ದೊಡ್ಡ ಮಾರಾಟದ ಸುದ್ದಿಗಳನ್ನು ಮೊದಲು ಬದಿಗಿಡೋಣ. 1999ರಲ್ಲಿ ಬಿಸಿನೆಸ್ ಡಾಟ್ ಕಾಮ್ 75 ಲಕ್ಷ ಡಾಲರಿಗೆ ಹೋಯಿತು. 2019ರಲ್ಲಿ ಮೈಕ್ರೋಸ್ಟ್ರಾಟಜಿ ಕಂಪನಿ ವಾಯ್ಸ್ ಡಾಟ್ ಕಾಮ್ ಹೆಸರನ್ನು 3 ಕೋಟಿ ಡಾಲರಿಗೆ ಮಾರಿತು. ಇವು ಇಂಟರ್ನೆಟ್ಟಿನ ಶುರುವಿನ ದಿನಗಳಲ್ಲೇ ಯಾರೋ ಹಿಡಿದಿಟ್ಟ ಒಂದೇ ಪದದ ಹೆಸರುಗಳು. ಅಂಥವು ಈಗ ನೋಂದಣಿಗೆ ಸಿಗುವುದಿಲ್ಲ. ಇವತ್ತು ಹೊಸಬರ ಕೈಗೆ ಬರುವ ಒಳ್ಳೆಯ ಹೆಸರು ಕೆಲವು ಹತ್ತು ಸಾವಿರ ರೂಪಾಯಿಯಿಂದ ಒಂದೆರಡು ಲಕ್ಷದವರೆಗೆ ಮಾರಾಟವಾಗಬಹುದು. ಆ ಮಟ್ಟದ ವ್ಯಾಪಾರವನ್ನು ಕಣ್ಣಮುಂದೆ ಇಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಹಂತ 1: ನವೀಕರಣದ ಲೆಕ್ಕ ಹಾಕಿ

ಕಾಗದ ಪೆನ್ನು ತೆಗೆದುಕೊಳ್ಳಿ. ನಿಮ್ಮ ಬಳಿ 100 ಹೆಸರಿವೆ, ವರ್ಷಕ್ಕೆ ಒಂದೊಂದರ ನವೀಕರಣ ಶುಲ್ಕ 1,200 ರೂಪಾಯಿ ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,20,000 ರೂಪಾಯಿ. ಸುಮ್ಮನೆ ಪಟ್ಟಿಗೆ ಹಾಕಿ ಕೂತರೆ ನೂರರಲ್ಲಿ ಒಂದೋ ಎರಡೋ ಹೆಸರು ವರ್ಷದಲ್ಲಿ ಮಾರಾಟವಾಗಬಹುದು ಎಂಬುದು ಈ ಕಸುಬಿನವರು ಸಾಮಾನ್ಯವಾಗಿ ಹೇಳುವ ಅಂದಾಜು. ಎರಡು ಹೆಸರು ತಲಾ 50,000ಕ್ಕೆ ಹೋದವು, ಮಾರುಕಟ್ಟೆ ತಾಣ ಶೇಕಡ 20 ಕಮಿಷನ್ ಹಿಡಿಯಿತು ಎನ್ನಿ. ಕೈಗೆ ಬಂದದ್ದು 80,000, ನಷ್ಟ 40,000. ನಷ್ಟವಿಲ್ಲದೆ ಸಮವಾಗಬೇಕಾದರೂ ಎರಡೂ ತಲಾ 75,000ಕ್ಕೆ ಹೋಗಬೇಕಿತ್ತು.

ಹದಿನೈದೇ ಹೆಸರಿದ್ದರೆ ವರ್ಷದ ಬಿಲ್ಲು 18,000. ಪ್ರತಿ ಹೆಸರಿಗೂ ಯಾರು ಕೊಂಡಾರು ಎಂದು ಯೋಚಿಸಲು, ಅವರನ್ನು ಹುಡುಕಲು, ಪತ್ರ ಬರೆಯಲು ಬಿಡುವು ಸಿಗುತ್ತದೆ. ಹೊಸಬರು ಹತ್ತು ಹದಿನೈದು ಹೆಸರಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ಮೊದಲ ವರ್ಷದ ಅಗ್ಗದ ಬೆಲೆಗೆ ಮರುಳಾಗಬೇಡಿ. ಹೊಸ ಬಗೆಯ ಬಾಲವಿರುವ ಹೆಸರುಗಳು, ಅಂದರೆ ಡಾಟ್ ಶಾಪ್, ಡಾಟ್ ಆನ್‌ಲೈನ್ ಮುಂತಾದವು, ಮೊದಲ ವರ್ಷ ನೂರಿನ್ನೂರು ರೂಪಾಯಿಗೂ ಸಿಗುತ್ತವೆ. ಎರಡನೇ ವರ್ಷ ಅದೇ ಹೆಸರಿಗೆ ಹತ್ತು ಪಟ್ಟಿಗೂ ಮೀರಿದ ಬಿಲ್ಲು ಬರಬಹುದು. ಡಾಟ್ ಎಐ ಅಂಗುಯಿಲ ಎಂಬ ಪುಟ್ಟ ಕೆರಿಬಿಯನ್ ದ್ವೀಪದ ಬಾಲ. ಕೃತಕ ಬುದ್ಧಿಮತ್ತೆಯ ಕಂಪನಿಗಳಿಂದಾಗಿ ಅದಕ್ಕೆ ಬೇಡಿಕೆ ಏರಿದೆ. ಆದರೆ ಅದನ್ನು ಕನಿಷ್ಠ ಎರಡು ವರ್ಷಕ್ಕೆ ನೋಂದಾಯಿಸಬೇಕು, ಶುಲ್ಕವೂ ಡಾಟ್ ಕಾಮ್‌ಗಿಂತ ಹಲವು ಪಟ್ಟು. ಕೊಳ್ಳುವ ಗುಂಡಿ ಒತ್ತುವ ಮೊದಲು ನವೀಕರಣದ ದರ ಎಲ್ಲಿ ಬರೆದಿದೆ ಎಂದು ಹುಡುಕಿ ಓದಿ.

ಹಂತ 2: ಹೆಸರಿನ ಜಾತಕ ನೋಡಿ

ಕೈಯಲ್ಲಿರುವ ಪ್ರತಿ ಹೆಸರಿನ ಮುಂದೆ, ಇದನ್ನು ಬಳಸಿದರೆ ನಾಳೆಯಿಂದಲೇ ಲಾಭವಾಗುವ ಹತ್ತು ವ್ಯಾಪಾರಗಳ ಹೆಸರು ಬರೆಯಿರಿ. ಹತ್ತು ಸಿಗದಿದ್ದರೆ ಆ ಹೆಸರು ದುರ್ಬಲ. ಒಂದೇ ಸಿಕ್ಕರೆ ಅಪಾಯಕಾರಿ. ಅದೇಕೆ ಎಂದು ಮುಂದಿನ ಹಂತದಲ್ಲಿ ಹೇಳುತ್ತೇನೆ.

ಒಂದು ಉದಾಹರಣೆ. ಊರು ಮತ್ತು ಸೇವೆ ಸೇರಿಸಿದ ಹೆಸರುಗಳನ್ನು ನಮ್ಮವರು ಹೆಚ್ಚು ಕೊಳ್ಳುತ್ತಾರೆ. ಜಿಲ್ಲಾ ಕೇಂದ್ರದ ಹೆಸರಿನ ಜೊತೆ ಪ್ಲಂಬರ್, ಎಲೆಕ್ಟ್ರಿಷಿಯನ್, ಟ್ಯೂಷನ್ ಎಂದು ಸೇರಿಸಿದ ಹೆಸರು. ನೋಡಲು ಚೆನ್ನ. ಆದರೆ ನಮ್ಮ ಸಣ್ಣ ಊರಿನ ಪ್ಲಂಬರ್‌ಗೆ ಗಿರಾಕಿ ಸಿಗುವುದು ಗೂಗಲ್ ಮ್ಯಾಪಿನಿಂದ, ಫೋನ್ ನಂಬರಿನಿಂದ, ಪರಿಚಯದವರ ಬಾಯಿಂದ. ಜಾಲತಾಣದ ವಿಳಾಸಕ್ಕೆ ಅವರು ಮೂವತ್ತು ಸಾವಿರ ಕೊಡಲು ಕಾರಣವೇ ಇಲ್ಲ. ಚಿಕ್ಕಮಗಳೂರು ಅಥವಾ ಕೊಡಗಿನ ಹೋಂಸ್ಟೇ ಮಾಲೀಕರ ಲೆಕ್ಕ ಬೇರೆ. ಬುಕಿಂಗ್ ತಾಣಗಳ ಮೂಲಕ ಬರುವ ಪ್ರತಿ ಅತಿಥಿಗೂ ಅವರು ಕಮಿಷನ್ ಕೊಡಬೇಕು. ನೇರವಾಗಿ ತಮ್ಮ ತಾಣಕ್ಕೇ ಬಂದು ರೂಮು ಕಾದಿರಿಸುವ ಅತಿಥಿಯಿಂದ ಆ ಹಣ ಉಳಿಯುತ್ತದೆ. ನೆನಪಿನಲ್ಲಿ ಉಳಿಯುವ ವಿಳಾಸಕ್ಕೆ ಬೆಲೆ ಹುಟ್ಟುವುದು ಇಂಥಲ್ಲಿ. ತೋಟದಿಂದಲೇ ಕಾಫಿ ಪುಡಿ ಮಾಡಿ ಆನ್‌ಲೈನಿನಲ್ಲಿ ಮಾರುವವರು, ಹೊರದೇಶದ ಕನ್ನಡಿಗರಿಗೆ ತಿಂಡಿ ಕಳಿಸುವವರು, ಮದುವೆ ಮಂಟಪ ಬಾಡಿಗೆಗೆ ಕೊಡುವವರು ಕೂಡ ಇದೇ ಸಾಲಿನವರು. ಗಿರಾಕಿ ಪರದೆಯ ಮೇಲೆಯೇ ನಿರ್ಧಾರ ಮಾಡುವ ವ್ಯಾಪಾರ ಯಾವುದು ಎಂದು ಕೇಳಿಕೊಳ್ಳಿ.

ಕಾಗುಣಿತವೂ ಬೆಲೆಯ ಭಾಗ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾದಾಗ ಬೆಂಗಳೂರು, ಮೈಸೂರು, ಬೆಳಗಾವಿಗಳಿಗೆಲ್ಲ ಎರಡೆರಡು ಕಾಗುಣಿತ ಉಳಿದವು. ಹಳೆಯದನ್ನೂ ಜನ ಹುಡುಕುತ್ತಾರೆ, ಹೊಸದನ್ನೂ ಹುಡುಕುತ್ತಾರೆ. ಒಂದು ಮಾತ್ರ ನಿಮ್ಮ ಬಳಿ ಇದ್ದರೆ ಕೊಳ್ಳುವವರು ಇನ್ನೊಂದನ್ನು ಅಗ್ಗಕ್ಕೆ ಪಡೆದು ಸುಮ್ಮನಾಗಬಹುದು. ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದ ಹೆಸರಿಗೂ ಇದೇ ತೊಂದರೆ: ದೀರ್ಘಾಕ್ಷರಕ್ಕೆ ಒಂದು ಅಕ್ಷರವೋ ಎರಡೋ ಎಂದು ಯಾರಿಗೂ ಗೊತ್ತಿರುವುದಿಲ್ಲ. ಫೋನಿನಲ್ಲಿ ಒಮ್ಮೆ ಹೇಳಿದರೆ ಎದುರಿನವರು ತಪ್ಪಿಲ್ಲದೆ ಟೈಪ್ ಮಾಡಬಲ್ಲರೇ? ಮನೆಯಲ್ಲಿ ಇಬ್ಬರು ಮೂವರ ಮೇಲೆ ಪರೀಕ್ಷಿಸಿ ನೋಡಿ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂಬ ಬಾಲ ಇದೆ. ಡಾಟ್ ಇನ್ ನಡೆಸುವ ನಿಕ್ಸಿ ಸಂಸ್ಥೆಯೇ ಅದನ್ನೂ ನೋಡಿಕೊಳ್ಳುತ್ತದೆ. ಭಾಷೆಯ ಅಭಿಮಾನಿಯಾಗಿ ನನಗೆ ಅದು ಬೆಳೆಯಬೇಕೆಂಬ ಆಸೆ. ಆದರೆ ಮರುಮಾರಾಟದ ಮಾರುಕಟ್ಟೆ ಅಲ್ಲಿ ಇನ್ನೂ ಹುಟ್ಟಿಲ್ಲ. ಸ್ವಂತ ಬಳಕೆಗೆ ಖಂಡಿತ ಕೊಳ್ಳಿ, ಲಾಭಕ್ಕೆಂದು ಕೊಂಡು ಕೂಡಬೇಡಿ.

ಹಂತ 3: ಕಾನೂನಿನ ತೊಡಕು ಇಲ್ಲವೆಂದು ಖಚಿತಪಡಿಸಿಕೊಳ್ಳಿ

ಈ ಹಂತವನ್ನು ಹಾರಿಸಿದವರು ಹೆಸರನ್ನೂ ಹಣವನ್ನೂ ಕಳೆದುಕೊಳ್ಳುತ್ತಾರೆ, ಆದ್ದರಿಂದ ನಿಧಾನವಾಗಿ ಓದಿ.

2024ರಲ್ಲಿ ಜಿಯೋ ಮತ್ತು ಹಾಟ್‌ಸ್ಟಾರ್ ಒಂದಾಗುವ ಮೊದಲೇ ಎರಡೂ ಹೆಸರನ್ನು ಸೇರಿಸಿದ ಡಾಟ್ ಕಾಮ್ ವಿಳಾಸವನ್ನು ಡೆವಲಪರ್ ಒಬ್ಬರು ನೋಂದಾಯಿಸಿಟ್ಟಿದ್ದರು. ವಿದೇಶದ ಓದಿಗೆ ಹಣ ಕೊಟ್ಟರೆ ಹೆಸರು ಬಿಟ್ಟುಕೊಡುವುದಾಗಿ ಅವರು ಆ ಪುಟದಲ್ಲೇ ಬರೆದದ್ದು ದೇಶವಿಡೀ ಸುದ್ದಿಯಾಯಿತು. ಕೇಳಿದ್ದು ಸಿಗಲಿಲ್ಲ. ಹೆಸರು ಬೇರೆಯವರ ಕೈ ಸೇರಿತು, ಅವರು ಹಣವಿಲ್ಲದೆಯೇ ಕಂಪನಿಗೆ ಕೊಡುವುದಾಗಿ ಹೇಳಿದರು. ಮುಂದಾಲೋಚನೆ ಚೆನ್ನಾಗಿಯೇ ಇತ್ತು. ಆದರೆ ಆ ಎರಡು ಪದಗಳ ಹಕ್ಕು ಬೇರೆಯವರದು, ಕೊಳ್ಳಬಲ್ಲವರೂ ಅವರೊಬ್ಬರೇ. ಪಟ್ಟಿಯಲ್ಲಿ ಒಂದೇ ವ್ಯಾಪಾರದ ಹೆಸರು ಇದ್ದರೆ ಅಪಾಯ ಎಂದು ಹೇಳಿದ್ದು ಇದಕ್ಕೇ.

ನಮ್ಮ ನ್ಯಾಯಾಲಯಗಳು ಈ ವಿಷಯದಲ್ಲಿ ಬಹಳ ಹಿಂದೆಯೇ ಸ್ಪಷ್ಟವಾಗಿವೆ. 1999ರಲ್ಲಿ ಯಾಹೂ ಹೆಸರಿಗೆ ಇಂಡಿಯಾ ಎಂದು ಸೇರಿಸಿ ತಾಣ ನಡೆಸುತ್ತಿದ್ದವರ ವಿರುದ್ಧ ದೆಹಲಿ ಹೈಕೋರ್ಟ್ ಆದೇಶ ಕೊಟ್ಟಿತು. ಇನ್ನೊಂದು ಮುಖ್ಯ ವ್ಯಾಜ್ಯ ಶುರುವಾದದ್ದು ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನಲ್ಲಿ. ಸತ್ಯಂ ಇನ್ಫೋವೇ ಕಂಪನಿಗೆ ಸಿಫಿ ಎಂಬ ಹೆಸರಿತ್ತು. ಸಿಫಿನೆಟ್ ಎಂಬ ಹೆಸರನ್ನು ಇನ್ನೊಂದು ಕಂಪನಿ ನೋಂದಾಯಿಸಿತ್ತು. ಕೆಳಗಿನ ಕೋರ್ಟಿನಲ್ಲಿ ತಡೆಯಾಜ್ಞೆ ಸಿಕ್ಕಿತು, ಕರ್ನಾಟಕ ಹೈಕೋರ್ಟಿನಲ್ಲಿ ಅದು ತೆರವಾಯಿತು, 2004ರಲ್ಲಿ ಸುಪ್ರೀಂ ಕೋರ್ಟ್ ಸಿಫಿಯ ಪರ ತೀರ್ಪು ಕೊಟ್ಟಿತು. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿಗೆ ಇರುವಂಥ ರಕ್ಷಣೆ ಸಲ್ಲುತ್ತದೆ ಎಂಬುದು ಅಲ್ಲಿಂದ ನೆಲೆಗೊಂಡಿತು.

ಕೋರ್ಟಿಗೆ ಹೋಗದೆಯೂ ಕಂಪನಿಗಳು ಹೆಸರು ಕಿತ್ತುಕೊಳ್ಳಬಹುದು. ಡಾಟ್ ಕಾಮ್ ಮುಂತಾದವಕ್ಕೆ 1999ರಲ್ಲಿ ಬಂದ ಯುಡಿಆರ್‌ಪಿ ಎಂಬ ನಿಯಮವಿದೆ, ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಇದೆ. ಯುಡಿಆರ್‌ಪಿಯಲ್ಲಿ ದೂರುದಾರರು ಮೂರು ಸಂಗತಿ ತೋರಿಸಬೇಕು: ಹೆಸರು ತಮ್ಮ ಗುರುತನ್ನೇ ಹೋಲುತ್ತದೆ, ಎದುರಿನವರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ಅದನ್ನು ನೋಂದಾಯಿಸಿ ಬಳಸಿದ್ದಾರೆ. ಜಿನೀವಾದ ವೈಪೊ ಸಂಸ್ಥೆಯಲ್ಲಿ ಐದು ಹೆಸರುಗಳವರೆಗಿನ ದೂರಿಗೆ, ಒಬ್ಬರೇ ತೀರ್ಪುಗಾರರಿದ್ದರೆ, ಶುಲ್ಕ 1,500 ಡಾಲರ್. ದೊಡ್ಡ ಕಂಪನಿಗೆ ಅದು ಲೆಕ್ಕಕ್ಕಿಲ್ಲದ ಮೊತ್ತ. ಇನ್ನೂ ಒಂದು ಸೂಕ್ಷ್ಮ ಇದೆ. ಟ್ರೇಡ್‌ಮಾರ್ಕಿನ ಮಾಲೀಕರಿಗೇ ನೀವು ಬರೆದ ಮಾರಾಟದ ಪತ್ರ ನಿಮ್ಮ ಕೆಟ್ಟ ಉದ್ದೇಶಕ್ಕೆ ಸಾಕ್ಷಿಯಾಗಿ ಅಲ್ಲಿ ಕಡತ ಸೇರುತ್ತದೆ.

ಆದ್ದರಿಂದ ಪ್ರತಿ ಹೆಸರನ್ನೂ ಭಾರತದ ಟ್ರೇಡ್‌ಮಾರ್ಕ್ ಕಚೇರಿಯ ಸಾರ್ವಜನಿಕ ಹುಡುಕಾಟದಲ್ಲಿ ಹಾಕಿ ನೋಡಿ, ಅದಕ್ಕೆ ಶುಲ್ಕವಿಲ್ಲ. ಕಂಪನಿ, ಸಿನಿಮಾ, ನಟರು, ರಾಜಕಾರಣಿಗಳ ಹೆಸರು ಬೇಡವೇ ಬೇಡ. ಒಂದಕ್ಷರ ತಪ್ಪು ಬರೆದ ಬ್ರ್ಯಾಂಡ್ ಹೆಸರಂತೂ ಮುಟ್ಟಬೇಡಿ. ಸಾಮಾನ್ಯ ಪದಗಳು, ಸೇವೆಯನ್ನು ಬಣ್ಣಿಸುವ ಪದಜೋಡಿಗಳು, ನೀವೇ ಕಟ್ಟಿದ ಹೊಸ ಪದಗಳು ಸುರಕ್ಷಿತ. ಹೆಸರು ಹಿಂದೆ ಬೇರೆಯವರ ಬಳಿ ಇತ್ತೇ ಎಂದು ಇಂಟರ್ನೆಟ್ ಆರ್ಕೈವಿನ ವೇಬ್ಯಾಕ್ ಮಷಿನ್‌ನಲ್ಲಿ ನೋಡಬಹುದು. ಜೂಜಿನ ತಾಣವೋ ಮೋಸದ ತಾಣವೋ ನಡೆದಿದ್ದ ವಿಳಾಸವಾದರೆ ಬಿಟ್ಟುಬಿಡಿ.

ಹಂತ 4: ಎರಡು ಬೆಲೆ ಬರೆದಿಡಿ

ಪ್ರತಿ ಹೆಸರಿಗೂ ಕೇಳುವ ಬೆಲೆ ಒಂದು, ಇದಕ್ಕಿಂತ ಕೆಳಗೆ ಇಳಿಯುವುದಿಲ್ಲ ಎಂಬ ಬೆಲೆ ಇನ್ನೊಂದು. ಗಿರಾಕಿ ಬರುವ ಮೊದಲೇ ಎರಡನ್ನೂ ಬರೆದಿಡಬೇಕು. ಗಿರಾಕಿ ಎದುರಿಗೆ ಬಂದಮೇಲೆ ಮನಸ್ಸು ನೆಟ್ಟಗೆ ಲೆಕ್ಕ ಹಾಕುವುದಿಲ್ಲ.

ನೇಮ್‌ಬಯೋ ಎಂಬ ತಾಣದಲ್ಲಿ ಹಿಂದೆ ಬಹಿರಂಗವಾಗಿ ನಡೆದ ಮಾರಾಟಗಳ ದಾಖಲೆ ಸಿಗುತ್ತದೆ. ನಿಮ್ಮ ಹೆಸರಿನಂಥವೇ ಪದ, ಅಷ್ಟೇ ಉದ್ದ, ಅದೇ ಬಾಲ ಇರುವ ನಾಲ್ಕೈದು ಮಾರಾಟ ಹುಡುಕಿ. ಆದರೆ ಅಲ್ಲಿ ವ್ಯಾಪಾರಿಗಳು ತಮ್ಮತಮ್ಮಲ್ಲೇ ಕೊಂಡ ಸಗಟು ಬೆಲೆಯೂ, ನಿಜವಾಗಿ ಬಳಸುವವರು ಕೊಟ್ಟ ಚಿಲ್ಲರೆ ಬೆಲೆಯೂ ಕಲಸಿಕೊಂಡಿರುತ್ತವೆ. ಹರಾಜು ತಾಣದಲ್ಲಿ ನೂರು ಡಾಲರಿಗೆ ಹೋದದ್ದು ಸಾಮಾನ್ಯವಾಗಿ ಸಗಟು. ಸ್ವಯಂಚಾಲಿತವಾಗಿ ಬೆಲೆ ಹೇಳುವ ಉಪಕರಣಗಳನ್ನು ನಾನು ನಂಬುವುದಿಲ್ಲ. ಹೆಚ್ಚೆಂದರೆ ಹತ್ತು ಹೆಸರಲ್ಲಿ ಯಾವುದು ಮೇಲು ಎಂದು ಹೋಲಿಸಲು ಬಳಸಿ.

ನಿಜವಾದ ಮಿತಿ ಕೊಳ್ಳುವವರ ಬದಲಿ ದಾರಿಯಲ್ಲಿದೆ. ನಿಮ್ಮ ಡಾಟ್ ಕಾಮ್ ಸಿಗದಿದ್ದರೆ ಅವರು ಏನು ಮಾಡುತ್ತಾರೆ? ಅದೇ ಹೆಸರಿನ ಡಾಟ್ ಇನ್ ಖಾಲಿ ಇದೆಯೇ? ಹಿಂದೆ ಒಂದು ಪದ ಸೇರಿಸಿದರೆ ಸಾವಿರ ರೂಪಾಯಿಗೆ ಹೊಸ ಹೆಸರು ಸಿಗುತ್ತದೆಯೇ? ಬದಲಿ ಸುಲಭವಾದಷ್ಟೂ ನಿಮ್ಮ ಬೆಲೆ ಕೆಳಗೆ. ಅದೇ ಪದದ ಬೇರೆ ಬಾಲಗಳೆಲ್ಲ ಈಗಾಗಲೇ ನಡೆಯುವ ವ್ಯಾಪಾರಗಳ ಕೈಯಲ್ಲಿದ್ದರೆ ನಿಮ್ಮ ಕೈ ಮೇಲೆ.

ಹಂತ 5: ಮಾರುವ ದಾರಿ ಆರಿಸಿ

ಮೊದಲ ದಾರಿ ಬೆಲೆ ಬರೆದು ಮಾರಾಟಕ್ಕೆ ಇಡುವುದು. ಮುಕ್ಕಾಲು ಪಾಲು ಹೆಸರಿಗೆ ಇದೇ ಸರಿ. ಹೆಸರು ಬೇಕಾದವರು ಮೊದಲು ಮಾಡುವ ಕೆಲಸ ಎರಡು: ಬ್ರೌಸರಿನಲ್ಲಿ ಆ ವಿಳಾಸ ಟೈಪ್ ಮಾಡಿ ನೋಡುವುದು, ಇಲ್ಲವೇ ಯಾವುದಾದರೂ ರಿಜಿಸ್ಟ್ರಾರಿನ, ಅಂದರೆ ಹೆಸರು ನೋಂದಾಯಿಸಿಕೊಡುವ ಕಂಪನಿಯ, ತಾಣದಲ್ಲಿ ಹುಡುಕುವುದು. ಎರಡೂ ಕಡೆ ನಿಮ್ಮ ಹೆಸರು ಮಾರಾಟಕ್ಕಿದೆ ಎಂದು ಕಾಣಬೇಕು. ಟೈಪ್ ಮಾಡಿದಾಗ ಖಾಲಿ ಪುಟ ಬಂದರೆ, ಬೋರ್ಡು ಹಾಕದೆ ಸೈಟು ಮಾರಲು ಕೂತಂತೆ.

ಇದಕ್ಕೆ ಆಫ್ಟರ್ನಿಕ್ ಅಥವಾ ಸೆಡೊದಂಥ ಮಾರುಕಟ್ಟೆ ತಾಣದಲ್ಲಿ ಖಾತೆ ತೆರೆದು, ಹೆಸರು ಮತ್ತು ಬೆಲೆ ಸೇರಿಸಿ, ನಿಮ್ಮ ರಿಜಿಸ್ಟ್ರಾರ್ ಖಾತೆಯಲ್ಲಿ ನೇಮ್‌ಸರ್ವರ್ ಎಂಬಲ್ಲಿ ಆ ತಾಣ ಕೊಟ್ಟ ವಿಳಾಸ ಹಾಕಿ. ಒಂದೆರಡು ದಿನದಲ್ಲಿ ಆ ವಿಳಾಸದಲ್ಲಿ ಬೆಲೆ ಮತ್ತು ಖರೀದಿ ಗುಂಡಿ ಇರುವ ಪುಟ ತೆರೆದುಕೊಳ್ಳುತ್ತದೆ. ಆಫ್ಟರ್ನಿಕ್ ಗೋಡ್ಯಾಡಿಯ ಒಡೆತನದಲ್ಲಿದೆ. ಅದರ ಬಲ ಎಂದರೆ, ಹಲವು ರಿಜಿಸ್ಟ್ರಾರುಗಳ ಹುಡುಕಾಟದಲ್ಲೇ ನಿಮ್ಮ ಹೆಸರು ಬೆಲೆಯೊಡನೆ ಕಾಣಿಸುವುದು. ಜರ್ಮನಿಯ ಸೆಡೊ ಯುರೋಪಿನ ಗಿರಾಕಿಗಳಿಗೆ ಹೆಚ್ಚು ಪರಿಚಿತ. ಹೊಸದಾಗಿ ಕಟ್ಟಿದ ಬ್ರ್ಯಾಂಡ್ ಪದಗಳಿಗೆ ಆಟಮ್, ಬ್ರ್ಯಾಂಡ್‌ಬಕೆಟ್ ಹೊಂದುತ್ತವೆ. ಅಲ್ಲಿ ಹೆಸರಿನ ಜೊತೆ ಲೋಗೋ ಕೂಡ ತೋರಿಸುತ್ತಾರೆ, ಎಲ್ಲ ಹೆಸರನ್ನೂ ಸುಮ್ಮನೆ ಒಪ್ಪಿಕೊಳ್ಳುವುದೂ ಇಲ್ಲ. ಕಮಿಷನ್ ಒಂದೊಂದು ಕಡೆ ಒಂದೊಂದು ತರಹ. ನೇಮ್‌ಸರ್ವರ್ ಅವರದ್ದೇ ಬಳಸಿದರೆ ಕಡಿಮೆ, ಇಲ್ಲದಿದ್ದರೆ ಹೆಚ್ಚು ಎಂಬ ಷರತ್ತೂ ಇರುತ್ತದೆ. ದರಗಳು ಆಗಾಗ ಬದಲಾಗುವುದರಿಂದ ಖಾತೆ ತೆರೆಯುವ ದಿನವೇ ಓದಿಕೊಳ್ಳಿ. ಎಲ್ಲ ಕಡೆಯೂ ಒಂದೇ ಬೆಲೆ ಇರಲಿ; ಒಂದು ತಾಣದಲ್ಲಿ 60,000, ಇನ್ನೊಂದರಲ್ಲಿ 40,000 ಎಂದು ಕಂಡ ಗಿರಾಕಿ ಎರಡನ್ನೂ ನಂಬುವುದಿಲ್ಲ.

ಬೆಲೆ ಬರೆಯುವುದೋ, ಬೆಲೆ ಕೇಳಿ ಎನ್ನುವುದೋ? ಹೊಸಬರು ಬರೆಯುವುದೇ ಲೇಸು. ಬೆಲೆ ಕಾಣದಿದ್ದರೆ ಲಕ್ಷಗಟ್ಟಲೆ ಕೇಳಬಹುದೆಂದು ಹೆದರಿ ಸಣ್ಣ ವ್ಯಾಪಾರಿ ಹಿಂದೆ ಸರಿಯುತ್ತಾರೆ. ಅಸಾಧಾರಣ ಹೆಸರಿಗೆ ಮಾತ್ರ ಬೆಲೆ ಮುಚ್ಚಿಡುವುದರಲ್ಲಿ ಅರ್ಥವಿದೆ.

ಎರಡನೇ ದಾರಿ ನೇರವಾಗಿ ಹೋಗಿ ಕೇಳುವುದು. ಇದು ಶ್ರಮದ ದಾರಿ, ಆದರೆ ಬಂಡವಾಳ ಕಡಿಮೆ ಇರುವವರಿಗೆ ಇದರಷ್ಟು ಕಲಿಸುವುದು ಬೇರೆ ಇಲ್ಲ. ಊರು ಮತ್ತು ಸೇವೆಯ ಹೆಸರು, ಒಂದು ಕಸುಬನ್ನು ನೇರವಾಗಿ ಹೇಳುವ ಹೆಸರು, ಒಳ್ಳೆಯ ಡಾಟ್ ಇನ್ ಹೆಸರು ಇದಕ್ಕೆ ತಕ್ಕವು. ಆ ಪದಗಳನ್ನೇ ಹುಡುಕಿ, ಎರಡನೇ ಮೂರನೇ ಪುಟದವರೆಗೂ ನೋಡಿ. ಉದ್ದ ವಿಳಾಸ ಇರುವವರು, ನಡುವೆ ಅಡ್ಡಗೆರೆ ಹಾಕಿಕೊಂಡವರು, ಇನ್ನೂ ಉಚಿತ ತಾಣದ ವಿಳಾಸದಲ್ಲೇ ಇರುವವರು, ಜಾಹೀರಾತಿಗೆ ಹಣ ಸುರಿಯುತ್ತಿರುವವರು ಸಿಗುತ್ತಾರೆ. ಕೊನೆಯ ಗುಂಪು ಎಲ್ಲರಿಗಿಂತ ಮುಖ್ಯ. ಪರದೆಯಿಂದ ಬರುವ ಗಿರಾಕಿಗೆ ಅವರು ಈಗಾಗಲೇ ಹಣ ಕೊಡುತ್ತಿದ್ದಾರೆ.

ಹದಿನೈದು ಇಪ್ಪತ್ತು ಜನರಿಗೆ ಒಬ್ಬೊಬ್ಬರಿಗೇ ಬರೆಯಿರಿ. ಸಾಮೂಹಿಕ ಮೇಲ್ ಬೇಡ. ಅದು ಕಸದ ಪೆಟ್ಟಿಗೆ ಸೇರುತ್ತದೆ, ನಿಮ್ಮ ವಿಳಾಸಕ್ಕೂ ಕೆಟ್ಟ ಹೆಸರು. ಪತ್ರ ಹೀಗಿದ್ದರೆ ಸಾಕು:

"ನಮಸ್ಕಾರ ಸರ್. ನಿಮ್ಮ ಹೋಂಸ್ಟೇ ತಾಣ ನೋಡಿದೆ. ಊರಿನ ಹೆಸರು ಮತ್ತು ಹೋಂಸ್ಟೇ ಎಂಬ ಎರಡೇ ಪದ ಇರುವ ಡಾಟ್ ಕಾಮ್ ವಿಳಾಸ ನನ್ನ ಬಳಿ ಇದೆ, ಅದನ್ನು ಮಾರುತ್ತಿದ್ದೇನೆ. ಬೆಲೆ 35,000 ರೂಪಾಯಿ. ಈಗಿನ ತಾಣ ಹಾಗೆಯೇ ಇಟ್ಟುಕೊಂಡು ಹೊಸ ವಿಳಾಸವನ್ನು ಅದಕ್ಕೇ ಜೋಡಿಸಬಹುದು. ಬೇಕೆನಿಸಿದರೆ ಈ ನಂಬರಿಗೆ ಫೋನ್ ಮಾಡಿ. ಬೇಡವಾದರೆ ಉತ್ತರ ಬರೆಯಬೇಕಿಲ್ಲ."

ಈಗಿನ ತಾಣ ಬದಲಿಸಬೇಕಿಲ್ಲ ಎಂಬ ಮಾತನ್ನು ಬಿಡಬೇಡಿ. ಹೊಸ ಹೆಸರು ಕೊಂಡರೆ ತಾಣವನ್ನೇ ಮತ್ತೆ ಕಟ್ಟಬೇಕು ಎಂದು ಸಣ್ಣ ವ್ಯಾಪಾರಿಗಳು ಹೆದರುತ್ತಾರೆ. ಆ ಹೆದರಿಕೆಯಲ್ಲೇ ಅರ್ಧ ಮಾರಾಟ ತಪ್ಪಿಹೋಗುತ್ತದೆ. ವಾರ ಬಿಟ್ಟು ಒಮ್ಮೆ ನೆನಪಿಸಿ, ಅಲ್ಲಿಗೆ ನಿಲ್ಲಿಸಿ. ನಮ್ಮ ಊರುಗಳಲ್ಲಿ ಮೇಲ್ ಓದದ ಮಾಲೀಕರು ಕನ್ನಡದಲ್ಲಿ ಮಾಡಿದ ಫೋನಿಗೆ ಚೆನ್ನಾಗಿಯೇ ಮಾತಾಡುತ್ತಾರೆ. ಮೂರನೇ ಹಂತದ ಎಚ್ಚರಿಕೆ ಇಲ್ಲೂ ಅನ್ವಯ: ಹೆಸರು ಒಂದು ಕಂಪನಿಯ ಗುರುತನ್ನೇ ಹೋಲುವಂತಿದ್ದರೆ ಆ ಕಂಪನಿಗೆ ಬರೆಯಬೇಡಿ.

ಮೂರನೇ ದಾರಿ ಹರಾಜು. ಬೇಗ ಹಣ ಬೇಕಾದಾಗ, ಅಥವಾ ಹಲವರು ಒಟ್ಟಿಗೆ ಆಸೆಪಡುವಂಥ ಚಿಕ್ಕ ಹೆಸರು ಇದ್ದಾಗ ಮಾತ್ರ. ಹರಾಜಿಗೆ ಬರುವವರು ಹೆಚ್ಚಾಗಿ ವ್ಯಾಪಾರಿಗಳು. ಅವರು ಮತ್ತೆ ಮಾರಲೆಂದೇ ಕೊಳ್ಳುವುದರಿಂದ ಸಗಟು ಬೆಲೆಗಿಂತ ಮೇಲೆ ಏರುವುದಿಲ್ಲ. ಕನಿಷ್ಠ ಬೆಲೆ ಹಾಕದೆ ಇಟ್ಟರೆ ನಿಮ್ಮ ಅಸಲಿಗಿಂತ ಕಡಿಮೆಗೂ ಹೋಗಬಹುದು.

ದಲ್ಲಾಳಿಗಳ ಮೂಲಕ ಮಾರುವುದು ಹತ್ತಾರು ಲಕ್ಷ ಬೆಲೆಯ ಹೆಸರಿಗೆ. ಅದಕ್ಕಿಂತ ಕೆಳಗಿನದನ್ನು ಒಳ್ಳೆಯ ದಲ್ಲಾಳಿ ಕೈಗೆತ್ತಿಕೊಳ್ಳುವುದಿಲ್ಲ. ಕೈಗೆತ್ತಿಕೊಳ್ಳುತ್ತೇನೆ ಎಂದು ಮುಂಗಡ ಕೇಳುವವರಿಂದ ದೂರವಿರಿ.

ಕಂತಿನ ಮಾರಾಟ ಇತ್ತೀಚೆಗೆ ಚೆನ್ನಾಗಿ ನಡೆಯುತ್ತಿದೆ. ಒಂದೂವರೆ ಲಕ್ಷ ಒಮ್ಮೆಲೇ ಕೊಡಲಾಗದ ಹೊಸ ಕಂಪನಿ ತಿಂಗಳಿಗೆ ಆರೂವರೆ ಸಾವಿರದಂತೆ ಎರಡು ವರ್ಷ ಕೊಡಲು ಒಪ್ಪಬಹುದು. ಕಂತು ಮುಗಿಯುವವರೆಗೆ ಹೆಸರು ಮಾರುಕಟ್ಟೆ ತಾಣದ ಸುಪರ್ದಿಯಲ್ಲಿ ಇರುವ ವ್ಯವಸ್ಥೆಯಿದ್ದರೆ ಮಾತ್ರ ಒಪ್ಪಿ. ಜಾಹೀರಾತು ಪುಟ ಹಾಕಿ ಕ್ಲಿಕ್ಕಿನಿಂದ ಹಣ ಗಳಿಸುವ ಪಾರ್ಕಿಂಗ್ ದಾರಿಯೂ ಒಂದಿದೆ. ಜನ ತಾವಾಗಿಯೇ ಟೈಪ್ ಮಾಡದ ಹೆಸರಿಗೆ ಅದರಿಂದ ನವೀಕರಣದ ಖರ್ಚೂ ಹುಟ್ಟುವುದಿಲ್ಲ.

ಹಂತ 6: ಕೇಳಿ ಬಂದವರೊಡನೆ ಮಾತು

ವಿಚಾರಣೆ ಬಂದ ದಿನವೇ ಉತ್ತರ ಕೊಡಿ. ಕೊಳ್ಳುವವರು ಆ ಹೊತ್ತಿಗೆ ಇನ್ನೂ ಮೂರು ನಾಲ್ಕು ಹೆಸರು ನೋಡುತ್ತಿರುತ್ತಾರೆ. ಉತ್ತರ ಚಿಕ್ಕದಾಗಿರಲಿ: ಹೆಸರು ಮಾರಾಟಕ್ಕಿದೆ, ಬೆಲೆ ಇಷ್ಟು, ಹಣ ಪಾವತಿ ಹೀಗೆ. ಕಡಿಮೆ ಮಾಡಿ ಎಂದರೆ ಒಂದು ಸಲ ಇಳಿಸಿ, ಜೊತೆಗೆ ದಿನ ಹಾಕಿ: ಈ ಬೆಲೆ ಮುಂದಿನ ಶುಕ್ರವಾರದವರೆಗೆ. ಬರೆದಿಟ್ಟ ಕೊನೆಯ ಬೆಲೆಯನ್ನು ಮುರಿಯಬೇಡಿ. ಬೇರೆ ಗಿರಾಕಿ ಇದ್ದಾರೆ ಎಂದು ಸುಳ್ಳು ಹೇಳುವುದು ಸಲ್ಲದು. ಈ ವ್ಯಾಪಾರದಲ್ಲಿ ಎದುರಿನವರು ನಿಮ್ಮ ಮುಖ ನೋಡಿರುವುದಿಲ್ಲ, ಮಾತೊಂದೇ ಆಧಾರ.

ಒಂದು ಹಳೆಯ ಮೋಸ ಇಂದಿಗೂ ಹೊಸಬರನ್ನು ಹಿಡಿಯುತ್ತಿದೆ. ನಿಮ್ಮ ಹೆಸರಿಗೆ ಐದು ಲಕ್ಷ ಕೊಡುತ್ತೇನೆ ಎಂದು ಮೇಲ್ ಬರುತ್ತದೆ. ಒಂದೇ ಷರತ್ತು, ಬೆಲೆ ನಿಜ ಎಂದು ದೃಢಪಡಿಸುವ ಮೌಲ್ಯಮಾಪನ ಪತ್ರ ಬೇಕು. ಯಾವ ತಾಣದಿಂದ ಅದನ್ನು ಪಡೆಯಬೇಕೆಂದೂ ಅವರೇ ಹೇಳುತ್ತಾರೆ. ನೀವು ಕೆಲವು ಸಾವಿರ ಕಟ್ಟಿ ಪತ್ರ ಪಡೆದ ಮೇಲೆ ಗಿರಾಕಿ ಕಾಣೆ. ಆ ತಾಣವೂ ಅವರದೇ. ನಿಜವಾದ ಗಿರಾಕಿ ಎಂದೂ ನಿಮ್ಮಿಂದ ಹಣ ಖರ್ಚು ಮಾಡಿಸುವುದಿಲ್ಲ.

ಹಂತ 7: ಹಣ ಮೊದಲು, ಕೋಡ್ ಆಮೇಲೆ

ಅಪರಿಚಿತರೊಡನೆ ದೊಡ್ಡ ವ್ಯವಹಾರವಾದರೆ ಮಾರುಕಟ್ಟೆ ತಾಣದ ಪಾವತಿ ವ್ಯವಸ್ಥೆ ಅಥವಾ ಎಸ್ಕ್ರೋ ಡಾಟ್ ಕಾಮ್ ಬಳಸಿ. ಕೊಳ್ಳುವವರು ಹಣವನ್ನು ಮಧ್ಯಸ್ಥರಲ್ಲಿ ಇಡುತ್ತಾರೆ, ಹಣ ಬಂದಿದೆ ಎಂದು ಮಧ್ಯಸ್ಥರು ನಿಮಗೆ ತಿಳಿಸುತ್ತಾರೆ, ನೀವು ಹೆಸರು ವರ್ಗಾಯಿಸುತ್ತೀರಿ, ಹೆಸರು ಕೈ ಸೇರಿತು ಎಂದು ಅವರು ಒಪ್ಪಿದ ಮೇಲೆ ನಿಮಗೆ ಹಣ. ಹಣ ಬಂದಿದೆ ಎಂಬ ಮೇಲ್ ನಂಬಬೇಡಿ. ವಿಳಾಸವನ್ನು ನೀವೇ ಟೈಪ್ ಮಾಡಿ ಖಾತೆಗೆ ಹೋಗಿ ಕಣ್ಣಾರೆ ನೋಡಿ, ಏಕೆಂದರೆ ನಕಲಿ ಎಸ್ಕ್ರೋ ತಾಣಗಳಿಗೆ ಕೊರತೆಯಿಲ್ಲ.

ಹೆಸರು ದಾಟಿಸುವ ವಿಧಾನ ಎರಡು. ಇಬ್ಬರೂ ಒಂದೇ ರಿಜಿಸ್ಟ್ರಾರಿನಲ್ಲಿ ಖಾತೆ ಹೊಂದಿದ್ದರೆ ಒಂದು ಖಾತೆಯಿಂದ ಇನ್ನೊಂದಕ್ಕೆ ಪುಶ್ ಮಾಡಬಹುದು. ಬಹುತೇಕ ಕಡೆ ಇದಕ್ಕೆ ಶುಲ್ಕವಿಲ್ಲ, ಕೆಲಸವೂ ಬೇಗ ಮುಗಿಯುತ್ತದೆ. ಕೊಳ್ಳುವವರಿಗೆ ಅಲ್ಲಿ ಖಾತೆ ತೆರೆಯಲು ಹೇಳಿದರೆ ಎಲ್ಲರಿಗೂ ಸುಲಭ. ರಿಜಿಸ್ಟ್ರಾರ್ ಬೇರೆಯಾದರೆ ನೀವು ಖಾತೆಯಲ್ಲಿ ಹೆಸರಿಗೆ ಹಾಕಿರುವ ವರ್ಗಾವಣೆ ಬೀಗ ತೆಗೆದು, ಆಥ್ ಕೋಡ್ ಎಂಬ ಗುಪ್ತಸಂಕೇತ ಕೊಡಬೇಕು, ಅವರು ತಮ್ಮ ಕಡೆಯಿಂದ ವರ್ಗಾವಣೆ ಶುರು ಮಾಡಬೇಕು. ಡಾಟ್ ಕಾಮ್‌ಗೆ ಇದು ಒಂದು ವಾರದವರೆಗೂ ಹಿಡಿಯಬಹುದು. ಹೊಸದಾಗಿ ನೋಂದಾಯಿಸಿದ ಅಥವಾ ಈಚೆಗೆ ರಿಜಿಸ್ಟ್ರಾರ್ ಬದಲಿಸಿದ ಹೆಸರಿಗೆ ಸಾಮಾನ್ಯವಾಗಿ 60 ದಿನ ಇಂಥ ವರ್ಗಾವಣೆ ಇರುವುದಿಲ್ಲ. ಗಿರಾಕಿಗೆ ಮೊದಲೇ ತಿಳಿಸಿ. ಆಥ್ ಕೋಡ್ ಇದ್ದವರು ಹೆಸರನ್ನು ಕೊಂಡೊಯ್ಯಬಲ್ಲರು. ಹಣ ಭದ್ರವಾಗುವವರೆಗೆ ಅದನ್ನು ಯಾರಿಗೂ ಕಳಿಸಬೇಡಿ.

ನಮ್ಮವರೊಡನೆ ರೂಪಾಯಿಯಲ್ಲೇ ನಡೆಯುವ ಸಣ್ಣ ವ್ಯವಹಾರಕ್ಕೆ ಬ್ಯಾಂಕ್ ವರ್ಗಾವಣೆ ಸಾಕು. ಹೆಸರು, ಬೆಲೆ, ದಿನಾಂಕ, ಇಬ್ಬರ ವಿವರ ಇರುವ ಒಂದು ಪುಟದ ಕರಾರು ಬರೆದುಕೊಳ್ಳಿ, ಬಿಲ್ಲು ಕೊಡಿ. ಈ ಆದಾಯ ತೆರಿಗೆಗೆ ಒಳಪಡುತ್ತದೆ. ವರ್ಷಕ್ಕೆ ಎರಡು ಮೂರು ಮಾರಾಟವಾದರೂ ಆಡಿಟರ್ ಒಬ್ಬರನ್ನು ಕೇಳಿ, ನೋಂದಣಿ, ನವೀಕರಣ, ಕಮಿಷನ್ನುಗಳ ರಸೀದಿಗಳನ್ನೆಲ್ಲ ಇಟ್ಟುಕೊಳ್ಳಿ. ಡಾಲರಿನಲ್ಲಿ ಹಣ ಬಂದರೆ ಬ್ಯಾಂಕಿನಿಂದ ಅದರ ದಾಖಲೆ ಪಡೆಯುವುದನ್ನು ಮರೆಯಬೇಡಿ.

ಹಂತ 8: ಇಟ್ಟುಕೊಳ್ಳುವುದು ಯಾವುದು, ಬಿಡುವುದು ಯಾವುದು

ಅವಧಿ ಮುಗಿಯಲು ಎರಡು ತಿಂಗಳಿರುವಾಗ ಪ್ರತಿ ಹೆಸರನ್ನೂ ಹೊಸದಾಗಿ ನೋಡಿ. ಒಂದಾದರೂ ನಿಜವಾದ ವಿಚಾರಣೆ ಬಂದಿದ್ದರೆ ಇಟ್ಟುಕೊಳ್ಳಿ. ಎರಡು ವರ್ಷದಲ್ಲಿ ಯಾರೂ ಕೇಳದ, ನೀವೇ ಬರೆದ ಪತ್ರಗಳಿಗೂ ಉತ್ತರ ಬರದ ಹೆಸರಿನ ಬೆಲೆ ಅರ್ಧಕ್ಕೆ ಇಳಿಸಿ ಒಂದು ತಿಂಗಳು ನೋಡಿ. ಆಗಲೂ ಹೋಗದಿದ್ದರೆ ಕನಿಷ್ಠ ಬೆಲೆಯಿಲ್ಲದ ಹರಾಜಿಗೆ ಹಾಕಿ, ಇಲ್ಲವೇ ಬಿಟ್ಟುಬಿಡಿ. ಇಷ್ಟಪಟ್ಟು ಆರಿಸಿದ ಹೆಸರನ್ನು ಬಿಡಲು ಮನಸ್ಸು ಬರುವುದಿಲ್ಲ, ನಿಜ. ಆದರೆ ಅದರ ನವೀಕರಣಕ್ಕೆ ಕಟ್ಟುವ ಹಣದಲ್ಲಿ ಇನ್ನೊಂದು ಉತ್ತಮ ಹೆಸರು ಬರುತ್ತದೆ.

ಇಟ್ಟುಕೊಳ್ಳಬೇಕಾದದ್ದು ಮರೆತು ಹೋಗದಂತೆ ಸ್ವಯಂ ನವೀಕರಣ ಹಾಕಿ, ಕಾರ್ಡಿನ ಅವಧಿ ಮುಗಿದಿಲ್ಲವೇ ನೋಡಿಕೊಳ್ಳಿ. ಡಾಟ್ ಕಾಮ್ ಹೆಸರು ಅವಧಿ ಮುಗಿದ ತಕ್ಷಣ ಕಳೆದುಹೋಗುವುದಿಲ್ಲ. ಮೊದಲು ರಿಜಿಸ್ಟ್ರಾರ್ ಕೊಡುವ ರಿಯಾಯಿತಿ ಅವಧಿ, ಆಮೇಲೆ ದಂಡ ಕಟ್ಟಿ ಬಿಡಿಸಿಕೊಳ್ಳುವ 30 ದಿನ, ಕೊನೆಗೆ 5 ದಿನದ ಅಳಿಸುವ ಹಂತ. ಅಲ್ಲಿಗೆ ಯಾರು ಬೇಕಾದರೂ ಕೊಳ್ಳಬಹುದು. ಆದರೆ ಹಲವು ರಿಜಿಸ್ಟ್ರಾರುಗಳು ರಿಯಾಯಿತಿಯ ಅವಧಿಯಲ್ಲೇ ಹೆಸರನ್ನು ಹರಾಜಿಗೆ ಇಡುತ್ತವೆ. ಬಿಡಿಸಿಕೊಳ್ಳುವ ದಂಡ ನವೀಕರಣ ಶುಲ್ಕದ ಹಲವು ಪಟ್ಟು.

ಬಿಟ್ಟ ಹೆಸರನ್ನು ಆಫ್ಟರ್ನಿಕ್, ಸೆಡೊ ಮುಂತಾಗಿ ಎಲ್ಲೆಲ್ಲಿ ಪಟ್ಟಿಗೆ ಹಾಕಿದ್ದಿರೋ ಅಲ್ಲೆಲ್ಲ ಅದೇ ದಿನ ತೆಗೆದುಹಾಕಿ. ಮಾರಾಟವಾದ ಹೆಸರಿಗೂ ಇದೇ ಕ್ರಮ. ತೆಗೆಯದೆ ಬಿಟ್ಟರೆ ನಿಮ್ಮದಲ್ಲದ ಹೆಸರಿಗೆ ಆರ್ಡರ್ ಬಂದು, ಕೊಡಲಾಗದೆ, ಆ ತಾಣದಲ್ಲಿ ನಿಮ್ಮ ಖಾತೆಯೇ ನಿಂತುಹೋಗಬಹುದು.